ಮನೆಯ ಈಜುಕೊಳ: ತಳದ ಕೆಸರು, ನೀರಿನ ಮದ್ದು, ಒಂದು ರಿಜಿಸ್ಟರ್



ಕನ್ನಡ ಸಂಘದ ಪುಟದಲ್ಲಿ ಈಜುಕೊಳದ ಮಾತು ಯಾಕೆ ಎಂದು ಕೆಲವರು ಕೇಳಬಹುದು. ವಯನಾಡಿನಲ್ಲಿ ಹೋಂಸ್ಟೇ ನಡೆಸುವ ಸದಸ್ಯರೊಬ್ಬರು, ಹೊಸೂರಿನ ಬಡಾವಣೆಯಲ್ಲಿ ಮನೆ ಮಾಡಿಕೊಂಡಿರುವ ಇನ್ನೊಬ್ಬರು, ಇಬ್ಬರೂ ಒಂದೇ ವಾರದಲ್ಲಿ ಫೋನು ಮಾಡಿ ಒಂದೇ ಪ್ರಶ್ನೆ ಕೇಳಿದರು: "ಸಾರ್, ನಿಮ್ಮ ಮಗಳ ಮನೆಯಲ್ಲಿ ಪೂಲ್ ಇದೆಯಲ್ಲ, ನೀವೇ ನೋಡಿಕೊಳ್ಳುತ್ತೀರಂತೆ. ಕೇರಳದ ಸುದ್ದಿ ಕೇಳಿ ಹೆದರಿಕೆ ಆಗ್ತಾ ಇದೆ. ಏನು ಮಾಡಬೇಕು?" ಪಂಪಿನ ಜೊತೆ ಬರುವ ಪುಸ್ತಕ ಇಂಗ್ಲಿಷಿನಲ್ಲಿ, ಕೆಲಸಕ್ಕೆ ಬರುವ ಹುಡುಗರ ಮಾತು ಹಿಂದಿಯಲ್ಲಿ, ಮದ್ದಿನ ಡಬ್ಬಿಯ ಮೇಲಿನ ಅಕ್ಷರ ಕನ್ನಡಕಕ್ಕೂ ಕಾಣದಷ್ಟು ಸಣ್ಣದು. ಕನ್ನಡದಲ್ಲಿ ಯಾರಾದರೂ ಬರೆಯಬೇಕಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಕೊಳ ಇಲ್ಲದವರಿಗೂ ಬಾವಿ, ಟ್ಯಾಂಕಿಗೆ ಉಪಯೋಗವಾಗುವ ಒಂದೆರಡು ಲೆಕ್ಕ ಇದರಲ್ಲಿದೆ.

ಮೊದಲು ಆ ಸುದ್ದಿ ಏನು ಎಂದು ಹೇಳುತ್ತೇನೆ. 2024 ಮತ್ತು 2025ರಲ್ಲಿ ಕೇರಳದಲ್ಲಿ ಅಮೀಬಾದಿಂದ ಬರುವ ಮೆದುಳು ಜ್ವರದ ಪ್ರಕರಣಗಳು ಹಿಂದೆಂದಿಗಿಂತ ಹೆಚ್ಚಾಗಿ ವರದಿಯಾದವು. ತೀರಿಹೋದವರಲ್ಲಿ ಮಕ್ಕಳಿದ್ದರು. ನೇಗ್ಲೇರಿಯಾ ಫೌಲೆರಿ ಎಂಬ ಈ ಜೀವಿ ಬೆಚ್ಚಗಿನ ಸಿಹಿನೀರಿನಲ್ಲಿ, ತಳದ ಕೆಸರಿನಲ್ಲಿ, ಗೋಡೆಯ ಲೋಳೆಯಲ್ಲಿ ಬದುಕುತ್ತದೆ. ನೀರು ಕುಡಿದರೆ ಇದು ಬರುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದೂ ಇಲ್ಲ. ಮೂಗಿನೊಳಗೆ ನೀರು ನುಗ್ಗಿದಾಗ ಅಲ್ಲಿಂದ ಮೆದುಳಿಗೆ ಏರುತ್ತದೆ. ಬಹಳ ಅಪರೂಪದ ಕಾಯಿಲೆ ನಿಜ, ಆದರೆ ಬಂದವರಲ್ಲಿ ಉಳಿಯುವವರು ಕಡಿಮೆ. ನೀರಿನಲ್ಲಿ ಕ್ಲೋರಿನ್ ಸರಿಯಾದ ಪ್ರಮಾಣದಲ್ಲಿ ಸದಾ ಇದ್ದರೆ ಇದು ಬದುಕುವುದಿಲ್ಲ.

"ನಮ್ಮ ಕೊಳಕ್ಕೆ ಕ್ಲೋರಿನ್ ಹಾಕ್ತೇವಲ್ಲ" ಎಂದು ಹೇಳುವವರಿಗೆ ಒಂದು ಹಳೆಯ ಪ್ರಕರಣ ಹೇಳಬೇಕು. ಆಗಿನ ಚೆಕೊಸ್ಲೊವಾಕಿಯಾದ ಊಸ್ತಿ ನಾದ್ ಲಾಬೆಂ ಎಂಬ ಊರಿನಲ್ಲಿ 1962ರಿಂದ 1965ರ ನಡುವೆ ಒಂದೇ ಒಳಾಂಗಣ ಈಜುಕೊಳದಲ್ಲಿ ಈಜಿದ 16 ಮಂದಿ ಎಳೆಯರು ಈ ಕಾಯಿಲೆಯಿಂದ ತೀರಿಕೊಂಡರು. ಆ ಕೊಳಕ್ಕೂ ಕ್ಲೋರಿನ್ ಹಾಕುತ್ತಿದ್ದರು. ಆಮೇಲೆ ಹುಡುಕಿದಾಗ ಅಮೀಬಾ ಸಿಕ್ಕಿದ್ದು ಕೊಳದ ಗೋಡೆಯ ಹಿಂದಿನ ಟೊಳ್ಳಿನಲ್ಲಿ, ಕಣ್ಣಿಗೆ ಕಾಣದೆ ಕೊಳೆ ನಿಂತಿದ್ದ ಜಾಗದಲ್ಲಿ. ಕ್ಲೋರಿನ್ ಮೊದಲು ಕೊಳೆಯ ಮೇಲೆ ಖರ್ಚಾಗುತ್ತದೆ, ಉಳಿದದ್ದು ಮಾತ್ರ ರೋಗಾಣುವಿಗೆ. ಕೊಳೆ ಹೆಚ್ಚಿದ್ದರೆ ಉಳಿಯುವುದು ಏನೂ ಇಲ್ಲ. ತಳ ಎಳೆಯುವ ಕೆಲಸ, ಅಂದರೆ ವ್ಯಾಕ್ಯೂಮ್ ಹೊಡೆಯುವುದು, ನೋಟಕ್ಕೆ ಚೆಂದ ಕಾಣಲಿ ಎಂದು ಮಾಡುವುದಲ್ಲ ಎಂಬುದು ನನಗೆ ಅರ್ಥವಾದದ್ದು ಇದನ್ನು ತಿಳಿದ ಮೇಲೆ.

ನಾನು ನೋಡಿಕೊಳ್ಳುವ ಕೊಳ ಕಾಸರಗೋಡಿನ ಹೊರಗೆ, ಮಗಳ ಮನೆಯ ಅಡಕೆ ತೋಟದ ಬದಿಯಲ್ಲಿದೆ. ಉದ್ದ 8 ಮೀಟರ್, ಅಗಲ 4 ಮೀಟರ್. ಒಂದು ತುದಿಯಲ್ಲಿ ಆಳ 1 ಮೀಟರ್, ಇನ್ನೊಂದು ತುದಿಯಲ್ಲಿ ಒಂದೂವರೆ, ಸರಾಸರಿ ಒಂದೂಕಾಲು. ಗುಣಿಸಿದರೆ 40 ಘನ ಮೀಟರ್, ಅಂದರೆ 40,000 ಲೀಟರ್. ಈ ಸಂಖ್ಯೆಯನ್ನು ಪಂಪಿನ ಕೋಣೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ. ನೀರೆಷ್ಟು ಎಂದು ಗೊತ್ತಿಲ್ಲದೆ ಮದ್ದು ಹಾಕುವುದು ಸಾರಿನ ಪಾತ್ರೆ ನೋಡದೆ ಉಪ್ಪು ಹಾಕಿದ ಹಾಗೆ.

ಇನ್ನು ತಳ ಎಳೆಯುವ ಕ್ರಮ. ಇದನ್ನು ನಾನು ಹಿಂದಿನ ದಿನ ಸಂಜೆಯೇ ಶುರು ಮಾಡುತ್ತೇನೆ. ಮೇಲೆ ತೇಲುವ ಎಲೆ, ಅಡಕೆ ಹೂವು, ಸತ್ತ ಹುಳ ಎಲ್ಲವನ್ನೂ ಕೋಲಿನ ಬಲೆಯಿಂದ ತೆಗೆದು, ಸ್ಕಿಮ್ಮರಿನ ಬುಟ್ಟಿ ಮತ್ತು ಪಂಪಿನ ಬುಟ್ಟಿ ಎರಡನ್ನೂ ಖಾಲಿ ಮಾಡುತ್ತೇನೆ. ಸ್ಕಿಮ್ಮರ್ ಎಂದರೆ ಗೋಡೆಯಲ್ಲಿರುವ, ಮೇಲ್ಮೈಯ ನೀರನ್ನು ಎಳೆದುಕೊಳ್ಳುವ ಬಾಯಿ. ನೀರಿನ ಮಟ್ಟ ಆ ಬಾಯಿಯ ಅರ್ಧಕ್ಕೆ ಇರಬೇಕು. ಕೆಳಗಿದ್ದರೆ ಪಂಪು ಗಾಳಿ ಎಳೆಯುತ್ತದೆ, ಮೇಲಿದ್ದರೆ ತೇಲುವ ಕಸ ಒಳಗೆ ಹೋಗುವುದಿಲ್ಲ. ಆಮೇಲೆ ಬ್ರಷ್. ಗೋಡೆ, ಮೆಟ್ಟಿಲಿನ ಮೂಲೆ, ಏಣಿಯ ಹಿಂಬದಿ, ಲೈಟಿನ ಸುತ್ತ, ಹೀಗೆ ನೀರು ಸರಿಯಾಗಿ ಓಡಾಡದ ಕಡೆಯೆಲ್ಲ ಉಜ್ಜಬೇಕು. ಕೈಯಿಂದ ಮುಟ್ಟಿದಾಗ ಜಾರುವ ಲೋಳೆ ಇದ್ದರೆ ಅದು ಕಣ್ಣಿಗೆ ಕಾಣುವ ಮೊದಲಿನ ಪಾಚಿ, ಬಿಡಬೇಡಿ. ಉಜ್ಜಿದ ಮೇಲೆ ಆ ಸಂಜೆಯ ಕ್ಲೋರಿನ್ ಹಾಕಿ, ಎರಡು ಗಂಟೆ ಪಂಪು ಓಡಿಸಿ, ನಿಲ್ಲಿಸುತ್ತೇನೆ. ರಾತ್ರಿಯಲ್ಲಿ ಕೊಳೆಯೆಲ್ಲ ತಳಕ್ಕೆ ಕೂರುತ್ತದೆ. ಬೆಳಿಗ್ಗೆ ಯಾರೂ ನೀರಿಗೆ ಇಳಿಯುವ ಮೊದಲು ಎಳೆಯಬೇಕು.

ಬೆಳಿಗ್ಗೆ ವ್ಯಾಕ್ಯೂಮಿನ ತಲೆಯನ್ನು ಉದ್ದ ಕೋಲಿಗೆ ಸಿಕ್ಕಿಸಿ, ಹೋಸ್ ಪೈಪಿನ ಒಂದು ತುದಿಯನ್ನು ಅದಕ್ಕೆ ಹಾಕಿ ನೀರಿಗೆ ಇಳಿಸಿ. ಮುಂದಿನ ಹೆಜ್ಜೆಯಲ್ಲಿಯೇ ಹೊಸಬರು ತಪ್ಪುವುದು. ಪೈಪಿನೊಳಗೆ ಗಾಳಿ ಇದೆ, ಅದನ್ನು ಪೂರಾ ಹೊರಗೆ ಹಾಕಬೇಕು. ಪಂಪು ಓಡಿಸಿ, ಫಿಲ್ಟರಾದ ನೀರು ಕೊಳಕ್ಕೆ ಮರಳಿ ಬರುವ ರಂಧ್ರಕ್ಕೆ ಪೈಪಿನ ಇನ್ನೊಂದು ತುದಿಯನ್ನು ಹಿಡಿಯಿರಿ. ನೀರು ಪೈಪಿನೊಳಗೆ ನುಗ್ಗಿ ಕೆಳಗಿನ ತಲೆಯಿಂದ ಗುಳ್ಳೆ ಗುಳ್ಳೆಯಾಗಿ ಗಾಳಿ ಹೊರಡುತ್ತದೆ. ಗುಳ್ಳೆ ನಿಂತ ಮೇಲೆ ಅಂಗೈಯಿಂದ ತುದಿ ಮುಚ್ಚಿ, ನೀರಿನ ಮಟ್ಟಕ್ಕಿಂತ ಮೇಲೆ ಎತ್ತದೆ, ವ್ಯಾಕ್ಯೂಮ್ ಪಾಯಿಂಟಿಗೆ ಸಿಕ್ಕಿಸಿ. ಆ ಪಾಯಿಂಟ್ ಇಲ್ಲದ ಕೊಳದಲ್ಲಿ ಸ್ಕಿಮ್ಮರಿನೊಳಗೆ ಸಿಕ್ಕಿಸುವ ತಟ್ಟೆ ಇರುತ್ತದೆ. ಎಳೆತ ಪೂರ್ತಿ ಇಲ್ಲಿಗೇ ಸಿಗುವಂತೆ ತಳದ ಡ್ರೈನಿನ ವಾಲ್ವ್ ಮುಚ್ಚಿರಬೇಕು. ಪಂಪಿನ ಪಾರದರ್ಶಕ ಮುಚ್ಚಳದಲ್ಲಿ ಗುಳ್ಳೆಗಳು ಕುದಿಯುವಂತೆ ಕಂಡರೆ ಗಾಳಿ ಸೇರಿದೆ ಎಂದೇ ಅರ್ಥ. ಕೂಡಲೇ ನಿಲ್ಲಿಸಿ, ಮೊದಲಿನಿಂದ ಮಾಡಿ. ನೀರಿಲ್ಲದೆ ಓಡಿದ ಪಂಪಿನ ಸೀಲು ಹೋಗಲು ಹೆಚ್ಚು ಹೊತ್ತು ಬೇಡ.

ಎಳೆಯುವಾಗ ಅವಸರ ಬೇಡ. ನಮ್ಮ ಕಡೆ ಅಂಗಳ ಸಾರಿಸುವಾಗ ಹಿಂದಿನ ಪಟ್ಟೆಯ ಅಂಚಿನ ಮೇಲೆ ಮುಂದಿನ ಪಟ್ಟೆ ಬರುವ ಹಾಗೆ ಸಾರಿಸುತ್ತಾರಲ್ಲ, ಅದೇ ರೀತಿ. ಆಳ ಕಡಿಮೆ ಇರುವ ಕಡೆಯಿಂದ ಆಳದ ಕಡೆಗೆ ಹೋಗಿ. ಬೇಗ ತಳ್ಳಿದರೆ ಕೆಸರು ಏಳುತ್ತದೆ, ನೀರು ಕದಡುತ್ತದೆ, ಮತ್ತೆ ಕೂರುವ ತನಕ ಕಾಯಬೇಕು. ನಮ್ಮ ಕೊಳಕ್ಕೆ ನನಗೆ ಮುಕ್ಕಾಲು ಗಂಟೆ ಬೇಕು. ಅಳಿಯ ಇಪ್ಪತ್ತು ನಿಮಿಷದಲ್ಲಿ ಮುಗಿಸುತ್ತಾನೆ, ಆದರೆ ಮೂಲೆ ಹಾಗೇ ಇರುತ್ತದೆ.

ಸಾಮಾನ್ಯ ಧೂಳು, ಮರಳು ಇದ್ದರೆ ವಾಲ್ವ್ 'ಫಿಲ್ಟರ್' ಸ್ಥಾನದಲ್ಲಿರಲಿ, ನೀರು ಶೋಧಿಸಿಕೊಂಡು ಮರಳಿ ಬರುತ್ತದೆ. ಪಾಚಿ ಸತ್ತು ಬೂದಿಯಂತೆ ತಳದಲ್ಲಿ ಕುಳಿತಿದ್ದರೆ, ಅಥವಾ ಪಟಿಕ ಹಾಕಿ ಕೆಸರು ಕೂರಿಸಿದ್ದರೆ, 'ವೇಸ್ಟ್' ಸ್ಥಾನಕ್ಕೆ ಇಟ್ಟು ಹೊರಗೇ ಬಿಡಬೇಕು. ಇಲ್ಲವಾದರೆ ಆ ನುಣುಪಾದ ಹುಡಿ ಫಿಲ್ಟರಿನ ಮರಳನ್ನು ದಾಟಿ ಮತ್ತೆ ಕೊಳಕ್ಕೇ ಬರುತ್ತದೆ. ಗಂಟೆಗೆ 10,000 ಲೀಟರ್ ಎಳೆಯುವ ಪಂಪಾದರೆ ಹತ್ತು ನಿಮಿಷಕ್ಕೆ ಸುಮಾರು 1,600 ಲೀಟರ್ ನೀರು ಹೊರಗೆ ಹೋಗುತ್ತದೆ ಎಂಬ ಲೆಕ್ಕ ಮನಸ್ಸಿನಲ್ಲಿರಲಿ.

ವಾಲ್ವಿನ ಹಿಡಿಯನ್ನು ಪಂಪು ಓಡುತ್ತಿರುವಾಗ ಯಾವ ಕಾರಣಕ್ಕೂ ತಿರುಗಿಸಬಾರದು. ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ಮೊದಲ ಬೇಸಿಗೆಯಲ್ಲಿ, ಒಂದು ಕ್ಷಣದ ಕೆಲಸ ತಾನೇ ಎಂದು ತಿರುಗಿಸಿದೆ. ಒಳಗಿನ ರಬ್ಬರ್ ಕಿತ್ತುಹೋಯಿತು. ಅದು ಗೊತ್ತಾಗದೆ ಮೂರು ವಾರ ಎಷ್ಟು ಎಳೆದರೂ ಕೊಳೆ ಮರಳಿ ಬರುತ್ತಲೇ ಇತ್ತು. ಮೂವತ್ತು ವರ್ಷ ಕಚೇರಿಯಲ್ಲಿ ಫೈಲಿನ ಮೇಲೆ 'ಅವಸರ' ಎಂದು ಬರೆದು ಕಳಿಸಿದವನಿಗೆ ಅವಸರದ ಬೆಲೆ ಅಲ್ಲಿ ತಿಳಿಯಿತು.

ಮರಳಿನ ಫಿಲ್ಟರಿನ ಮೇಲೆ ಒತ್ತಡದ ಗಡಿಯಾರ ಇರುತ್ತದೆ. ಫಿಲ್ಟರ್ ಶುದ್ಧವಿದ್ದಾಗ ಮುಳ್ಳು ಎಷ್ಟು ತೋರಿಸುತ್ತದೆ ಎಂದು ಬರೆದಿಡಿ. ಅದಕ್ಕಿಂತ 8ರಿಂದ 10 ಪಿಎಸ್‌ಐ ಏರಿದಾಗ ಬ್ಯಾಕ್‌ವಾಷ್ ಮಾಡಬೇಕು: ಗಾಜಿನ ಕಿಂಡಿಯಲ್ಲಿ ನೀರು ತಿಳಿಯಾಗುವ ತನಕ ಎರಡು ಮೂರು ನಿಮಿಷ, ಆಮೇಲೆ ಅರ್ಧ ನಿಮಿಷ 'ರಿನ್ಸ್'. ದಿನಾ ಮಾಡುವುದು ನೀರು ದಂಡ, ಮಾತ್ರವಲ್ಲ ಸ್ವಲ್ಪ ಕೊಳೆ ಹಿಡಿದ ಮರಳೇ ಚೆನ್ನಾಗಿ ಶೋಧಿಸುತ್ತದೆ. ಹೊರಬಂದ ನೀರನ್ನು ಕೆರೆಗೋ ತೋಡಿಗೋ ಬಿಡಬೇಡಿ, ಮೀನು ಸಾಯುತ್ತದೆ. ತೊಟ್ಟಿಯಲ್ಲಿ ಕೆಲವು ದಿನ ಬಿಸಿಲಿಗೆ ಬಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ, ಆಮೇಲೆ ತೆಂಗಿನ ಬುಡಕ್ಕೆ ಹಾಕಬಹುದು.

ಇಷ್ಟೆಲ್ಲ ಮಾಡಿದ ಕೊಳ ಕನ್ನಡಿಯಂತೆ ಕಾಣುತ್ತದೆ. ನಾವು ಮೋಸಹೋಗುವುದು ಅಲ್ಲಿಯೇ.

ಒಮ್ಮೆ ಬೇಸಿಗೆ ರಜೆಗೆ ನೆಂಟರ ಮಕ್ಕಳೆಲ್ಲ ಸೇರಿ ಹನ್ನೊಂದು ಜನ ನೀರಿನಲ್ಲಿದ್ದರು. ತಳದ ಟೈಲಿನ ಗೆರೆ ಎಣಿಸಬಹುದಾದಷ್ಟು ತಿಳಿ ನೀರು. ನಾನು ಸುಮ್ಮನೆ ಅಭ್ಯಾಸಬಲದಿಂದ ಒಂದು ಕೊಳವೆಯಲ್ಲಿ ನೀರು ತುಂಬಿ ಪರೀಕ್ಷೆ ಮಾಡಿದೆ. ಬಣ್ಣವೇ ಬರಲಿಲ್ಲ. ಮತ್ತೊಮ್ಮೆ ಮಾಡಿದೆ, ಆಗಲೂ ಕ್ಲೋರಿನ್ ಸೊನ್ನೆ. ಮದ್ದು ಹಾಕಲು ಬರುತ್ತಿದ್ದ ಹುಡುಗ ಎರಡು ದಿನದಿಂದ ಬಂದಿರಲಿಲ್ಲ, ತೇಲುವ ಡಬ್ಬಿಯಲ್ಲಿದ್ದ ಬಿಲ್ಲೆ ಕರಗಿ ಮುಗಿದಿತ್ತು, ಯಾರೂ ನೋಡಿರಲಿಲ್ಲ. ಮಕ್ಕಳನ್ನೆಲ್ಲ ಹೊರಗೆ ಕರೆದೆ. "ಅಪ್ಪಾ, ನೀರು ಇಷ್ಟು ಚೆನ್ನಾಗಿದೆಯಲ್ಲ, ಮಕ್ಕಳ ಖುಷಿ ಯಾಕೆ ಹಾಳು ಮಾಡ್ತೀರಿ?" ಎಂದು ಮಗಳಿಗೆ ಬೇಸರ. ಮೊಮ್ಮಗ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಯಾರಿಗೂ ಏನೂ ಆಗಲಿಲ್ಲ, ದೇವರ ದಯೆ. ಆದರೆ ಆ ಎರಡು ವಾರ ಯಾವ ಮಗು ತಲೆನೋವು ಎಂದರೂ ನನ್ನ ಎದೆ ಹಾರುತ್ತಿತ್ತು.

ಹಾಗಾಗಿ ಅಳತೆಯ ವಿಷಯ. ಕ್ಲೋರಿನನ್ನು ಪಿಪಿಎಂನಲ್ಲಿ ಹೇಳುತ್ತಾರೆ, ಒಂದು ಲೀಟರಿಗೆ ಒಂದು ಮಿಲಿಗ್ರಾಂ ಇದ್ದರೆ 1 ಪಿಪಿಎಂ. ಮನೆಯ ಕೊಳದಲ್ಲಿ ಉಳಿದಿರುವ ಕ್ಲೋರಿನ್ 1ರಿಂದ 3ರ ನಡುವೆ ಇರಬೇಕು. ಹಳದಿ ಬಣ್ಣ ಬರುವ ಅಗ್ಗದ ಕಿಟ್ ಒಟ್ಟು ಕ್ಲೋರಿನನ್ನು ತೋರಿಸುತ್ತದೆ, ಅದರಲ್ಲಿ ಈಗಾಗಲೇ ಬೆವರು, ಮೂತ್ರದ ಜೊತೆ ಸೇರಿ ಶಕ್ತಿ ಕಳೆದುಕೊಂಡದ್ದೂ ಸೇರಿರುತ್ತದೆ. ಗುಲಾಬಿ ಬಣ್ಣದ ಡಿಪಿಡಿ ಕಿಟ್ ಕೆಲಸಕ್ಕೆ ಉಳಿದಿರುವ ಕ್ಲೋರಿನನ್ನೇ ತೋರಿಸುತ್ತದೆ. ಸ್ವಲ್ಪ ಹೆಚ್ಚು ಕೊಟ್ಟು ಅದನ್ನೇ ತನ್ನಿ. ಅಂದಹಾಗೆ, ಕಣ್ಣು ಉರಿಯುವ ಆ 'ಕ್ಲೋರಿನ್ ವಾಸನೆ' ಬಂದರೆ ಮದ್ದು ಜಾಸ್ತಿ ಆಯಿತು ಎಂದು ಹೆಚ್ಚಿನವರು ತಿಳಿಯುತ್ತಾರೆ. ಸಾಮಾನ್ಯವಾಗಿ ವಿಷಯ ತದ್ವಿರುದ್ಧ: ಆ ವಾಸನೆ ಕೊಳೆಯೊಡನೆ ಸೇರಿದ ಕ್ಲೋರಿನಿನದು, ಶುದ್ಧ ಕ್ಲೋರಿನ್ ಸಾಕಾಗುತ್ತಿಲ್ಲ ಎಂದು ಅರ್ಥ. ಪರೀಕ್ಷೆಯ ನೀರನ್ನು ಮೇಲಿನಿಂದ ಅಲ್ಲ, ಮೊಣಕೈ ಆಳದಿಂದ ತೆಗೆಯಬೇಕು.

ಜೊತೆಗೆ ಪಿಎಚ್ ನೋಡಬೇಕು, ಅದು 7.2ರಿಂದ 7.8ರೊಳಗೆ ಇರಲಿ. ಇದು ಬರೀ ಕಣ್ಣುರಿಯ ಪ್ರಶ್ನೆ ಅಲ್ಲ. ಪಿಎಚ್ 7.5 ಇದ್ದಾಗ ಹಾಕಿದ ಕ್ಲೋರಿನಿನ ಸುಮಾರು ಅರ್ಧ ಭಾಗ ಮಾತ್ರ ರೋಗಾಣು ಕೊಲ್ಲುವ ಬಲವಾದ ರೂಪದಲ್ಲಿರುತ್ತದೆ, 8ಕ್ಕೆ ಏರಿದರೆ ಅದು ಕಾಲು ಭಾಗಕ್ಕೆ ಇಳಿಯುತ್ತದೆ. ಮದ್ದು ಅಷ್ಟೇ, ಕೆಲಸ ಅರ್ಧ. ಇಲ್ಲಿ ಗಡಿಯೂರುಗಳ ನೀರಿನ ಗುಣ ನೋಡಿಕೊಳ್ಳಬೇಕು. ನಮ್ಮ ಮುರಕಲ್ಲಿನ ಬಾವಿಗಳ ನೀರು ಮೆದು, ಹುಳಿಯ ಕಡೆಗೆ ವಾಲಿದ್ದು, ಪಿಎಚ್ ಕೆಳಗೇ ಇರುತ್ತದೆ. ಬಿಟ್ಟರೆ ಸಿಮೆಂಟು, ಕಬ್ಬಿಣ ತಿನ್ನುತ್ತದೆ. ಅದಕ್ಕೆ ವಾಷಿಂಗ್ ಸೋಡಾ. ಹೊಸೂರು, ಸೊಲ್ಲಾಪುರ, ಆದೋನಿ ಕಡೆಯ ಕೊಳವೆಬಾವಿಗಳಲ್ಲಿ ಸಾಮಾನ್ಯವಾಗಿ ಗಡಸು ನೀರು. ಟೈಲಿನ ಮೇಲೆ ಬಿಳಿ ಪದರ ಕಟ್ಟುತ್ತದೆ, ಪಿಎಚ್ ಏರುತ್ತಾ ಹೋಗುತ್ತದೆ. ಅವರಿಗೆ ಆಗಾಗ ಸ್ವಲ್ಪ ಆಸಿಡ್ ಬೇಕಾಗುತ್ತದೆ. ಪಿಎಚ್ ದಿನಕ್ಕೊಂದು ತರ ಕುಣಿಯುತ್ತಿದ್ದರೆ ಕ್ಷಾರತೆ ಕಡಿಮೆ ಎಂದು ಅರ್ಥ. ಅದು 80ರಿಂದ 120ರೊಳಗೆ ಇರಬೇಕು. 40,000 ಲೀಟರಿಗೆ ಹತ್ತು ಅಂಕ ಏರಿಸಲು ಸುಮಾರು 670 ಗ್ರಾಂ ಅಡುಗೆ ಸೋಡಾ ಸಾಕು.

ಮದ್ದಿನ ಲೆಕ್ಕ ಹೀಗೆ. 40,000 ಲೀಟರಿಗೆ 1 ಪಿಪಿಎಂ ಏರಿಸಲು 40 ಗ್ರಾಂ ಅಸಲು ಕ್ಲೋರಿನ್ ಬೇಕು. 65 ಶೇಕಡಾದ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಹುಡಿಯಾದರೆ ಸುಮಾರು 62 ಗ್ರಾಂ, 33 ಶೇಕಡಾದ ಬ್ಲೀಚಿಂಗ್ ಹುಡಿಯಾದರೆ ಸುಮಾರು 120 ಗ್ರಾಂ. ಬ್ಲೀಚಿಂಗ್ ಹುಡಿಯನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ಕೆಳಗೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಹಾಕಿ, ಇಲ್ಲವಾದರೆ ಮರುದಿನ ಎಳೆಯುವ ಕೆಲಸ ನಿಮಗೇ. ಹಳೆಯ ಪೊಟ್ಟಣದ ಹುಡಿಗೆ ಬಲ ಇರುವುದಿಲ್ಲ. ಬಿಸಿಲು ಕ್ಲೋರಿನನ್ನು ಕೆಲವೇ ಗಂಟೆಗಳಲ್ಲಿ ತಿಂದುಹಾಕುತ್ತದೆ, ಅದಕ್ಕೇ ಸಂಜೆ ಹಾಕುವುದು, ಬೆಳಿಗ್ಗೆ ಮತ್ತೆ ಅಳೆಯುವುದು. 90 ಶೇಕಡಾದ ಬಿಲ್ಲೆಗಳಲ್ಲಿ ಬಿಸಿಲು ತಡೆಯುವ ಸಯನ್ಯೂರಿಕ್ ಆಮ್ಲ ಸೇರಿರುತ್ತದೆ. ಅದು ನೀರಿನಲ್ಲಿ ಉಳಿದು ದಿನದಿಂದ ದಿನಕ್ಕೆ ಸೇರುತ್ತಾ ಹೋಗುತ್ತದೆ, ಹೆಚ್ಚಾದಷ್ಟೂ ಕ್ಲೋರಿನ್ ಮಂಕಾಗುತ್ತದೆ. ಬಿಲ್ಲೆ ಬಳಸುವವರು ಕ್ಲೋರಿನನ್ನು 2ಕ್ಕಿಂತ ಕೆಳಗೆ ಬಿಡಬಾರದು, ಆಮ್ಲ 50 ದಾಟಿದರೆ ಸ್ವಲ್ಪ ನೀರು ಬದಲಿಸಬೇಕು.

ಒಂದು ಎಚ್ಚರಿಕೆ, ದಯವಿಟ್ಟು ಕೆಲಸದವರಿಗೂ ಓದಿ ಹೇಳಿ. ಬಿಲ್ಲೆಯ ಹುಡಿ ಮತ್ತು ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಎರಡೂ 'ಕ್ಲೋರಿನ್' ಎಂಬ ಹೆಸರಿನಲ್ಲೇ ಬರುತ್ತವೆ. ಆದರೆ ಒಂದರ ಚಮಚ ಇನ್ನೊಂದರ ಡಬ್ಬಿಗೆ ಹೋಗಬಾರದು. ಅವು ಸೇರಿದರೆ ಬೆಂಕಿ ಹತ್ತಬಹುದು, ಸಿಡಿಯಬಹುದು. ಕ್ಲೋರಿನಿಗೆ ಆಸಿಡ್ ತಾಗಿದರೆ ವಿಷದ ಅನಿಲ ಏಳುತ್ತದೆ. ಮದ್ದನ್ನು ನೀರಿಗೆ ಹಾಕಬೇಕು, ನೀರನ್ನು ಮದ್ದಿಗೆ ಸುರಿಯಬಾರದು. ಎರಡನ್ನೂ ಬೇರೆ ಬೇರೆ ಮೂಲೆಯಲ್ಲಿ, ಒಣ ಜಾಗದಲ್ಲಿ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಇಡಿ.

ಬಾವಿ ಇರುವವರಿಗೆ ಇದೇ ಲೆಕ್ಕದ ಸಣ್ಣ ರೂಪ: ಸಾಮಾನ್ಯ ಶುದ್ಧೀಕರಣಕ್ಕೆ 1000 ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಹುಡಿ. ದುಂಡು ಬಾವಿಯಾದರೆ ಅಗಲದ ಅರ್ಧವನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ. ಎಲ್ಲ ಮೀಟರಿನಲ್ಲಿದ್ದರೆ ಬಂದದ್ದನ್ನು 1000ದಿಂದ ಗುಣಿಸಿದಾಗ ಲೀಟರ್ ಸಿಗುತ್ತದೆ. ಸಂಜೆ ಹಾಕಿ ಬೆಳಿಗ್ಗೆ ಬಳಸಿ. 2025ರ ಆಗಸ್ಟ್ ಕೊನೆಯಲ್ಲಿ ಕೇರಳದಲ್ಲಿ ಮನೆಮನೆಯ ಬಾವಿ, ಟ್ಯಾಂಕುಗಳಿಗೆ ಕ್ಲೋರಿನ್ ಹಾಕುವ ಅಭಿಯಾನ ನಡೆದದ್ದು ಇದೇ ಕಾರಣಕ್ಕೆ. ಮಕ್ಕಳಿಗೆ ಗಾಳಿ ತುಂಬಿಸುವ ಟಬ್ ತಂದಿರುವವರು ಅದರ ನೀರನ್ನು ಅಂದಂದೇ ಚೆಲ್ಲಿ, ಉಜ್ಜಿ, ಒಣಗಿಸಿ ಇಡಬೇಕು. ಅದಕ್ಕೆ ಫಿಲ್ಟರೂ ಇಲ್ಲ, ಮದ್ದೂ ಇಲ್ಲ.

ಕೆಲವರು ತಳ ಎಳೆಯುವ ರಗಳೆಯೇ ಬೇಡ ಎಂದು ತಿಂಗಳಿಗೊಮ್ಮೆ ಕೊಳ ಖಾಲಿ ಮಾಡಿ ತೊಳೆಯುತ್ತಾರೆ. 40,000 ಲೀಟರ್ ಎಂದರೆ 6,000 ಲೀಟರಿನ ಟ್ಯಾಂಕರ್ ಆರೇಳು. ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಸಾಲು ನಿಲ್ಲುವ ರಾಯದುರ್ಗ, ಜತ್ತ ಕಡೆಯ ನಮ್ಮ ಸದಸ್ಯರ ಮುಂದೆ ಈ ಮಾತು ಆಡಲು ನನಗೆ ನಾಚಿಕೆ. ಚೆನ್ನಾಗಿ ಎಳೆದು, ಅಳೆದು ನೋಡಿಕೊಂಡರೆ ವರ್ಷಗಟ್ಟಲೆ ಖಾಲಿ ಮಾಡಬೇಕಾಗಿಲ್ಲ. ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲಂತೂ ಖಾಲಿ ಮಾಡಲೇಬಾರದು, ಸುತ್ತಲಿನ ನೆಲದ ನೀರು ಒತ್ತಿ ತಳ ಬಿರುಕು ಬಿಡುತ್ತದೆ, ಕೆಲವೊಮ್ಮೆ ಕೊಳವೇ ಮೇಲೇಳುತ್ತದೆ. ಆಟಿ ತಿಂಗಳಲ್ಲಿ ಯಾರೂ ಈಜುವುದಿಲ್ಲ ಎಂದು ಪಂಪು ನಿಲ್ಲಿಸಿಬಿಡುವವರೂ ಇದ್ದಾರೆ. ಮಳೆನೀರು ಮದ್ದನ್ನು ತೆಳುವಾಗಿಸುತ್ತದೆ, ಎಲೆ ಕೊಳೆಯುತ್ತದೆ, ಸೊಳ್ಳೆ ಮೊಟ್ಟೆ ಇಡುತ್ತದೆ. ದಿನಕ್ಕೆ ಒಮ್ಮೆಯಾದರೂ ಇಡೀ ನೀರು ಫಿಲ್ಟರ್ ದಾಟಬೇಕು, ನಮ್ಮಲ್ಲಿ ಅದಕ್ಕೆ ನಾಲ್ಕು ಗಂಟೆ ಸಾಕು.

ಎಳೆಯುವಾಗ ಯಾರೂ ನೀರಿನಲ್ಲಿರಬಾರದು. ಕೆಲಸ ಮುಗಿದ ಕೂಡಲೇ ವ್ಯಾಕ್ಯೂಮ್ ಪಾಯಿಂಟಿನ ಮುಚ್ಚಳ ಬಿಗಿಯಾಗಿ ಹಾಕಿ, ಆ ಎಳೆತಕ್ಕೆ ಮಗುವಿನ ಕೈಯೋ ಹೊಟ್ಟೆಯೋ ಸಿಕ್ಕರೆ ದೊಡ್ಡವರಿಗೂ ಬಿಡಿಸುವುದು ಕಷ್ಟ. ತಳದ ಜಾಲರಿ ಒಡೆದಿದ್ದರೆ ಅದನ್ನು ಬದಲಿಸುವ ತನಕ ಪಂಪು ಹಾಕಬೇಡಿ, ಕೂದಲು ಸಿಕ್ಕಿಕೊಳ್ಳುತ್ತದೆ. ಪಂಪಿನ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಮತ್ತು ಸರಿಯಾದ ಅರ್ಥಿಂಗ್ ಬೇಕು. ಸುತ್ತ ನಾಲ್ಕಡಿ ಬೇಲಿ, ತಾನಾಗಿ ಮುಚ್ಚಿಕೊಳ್ಳುವ ಗೇಟು. ಗೇಟು ಎಷ್ಟೇ ಚೆನ್ನಾಗಿದ್ದರೂ ಮಕ್ಕಳು ನೀರಿನಲ್ಲಿರುವಾಗ ಒಬ್ಬ ದೊಡ್ಡವರು ಮೊಬೈಲ್ ಕೆಳಗಿಟ್ಟು ಕೂತಿರಬೇಕು.

ಈಗ ನನ್ನ ರಿಜಿಸ್ಟರ್. ಆ ಸೊನ್ನೆಯ ದಿನದ ಮಾರನೆಯ ಬೆಳಿಗ್ಗೆ ಪೇಟೆಗೆ ಹೋಗಿ ಗಟ್ಟಿ ರಟ್ಟಿನ ಲೆಕ್ಕದ ಪುಸ್ತಕ ತಂದು ಗೆರೆ ಎಳೆದೆ. ದಿನಾಂಕ, ಗಂಟೆ, ಕ್ಲೋರಿನ್, ಪಿಎಚ್, ಫಿಲ್ಟರಿನ ಒತ್ತಡ, ಹಾಕಿದ ಮದ್ದು ಗ್ರಾಂನಲ್ಲಿ, ನೀರಿಗಿಳಿದವರ ಸಂಖ್ಯೆ, ಮಳೆ, ತಳ ಎಳೆದದ್ದು, ಸಹಿ. ಬೆಳಿಗ್ಗೆ ಒಮ್ಮೆ, ಮಕ್ಕಳು ಇಳಿಯುವ ಮೊದಲು ಮತ್ತೊಮ್ಮೆ. ಮನೆಯವರು ನಕ್ಕರು, "ಕಚೇರಿ ಬಿಟ್ಟರೂ ಕಚೇರಿ ಬಿಡಲಿಲ್ಲ" ಎಂದರು. ಎರಡು ತಿಂಗಳಾದ ಮೇಲೆ ಪುಟ ತಿರುಗಿಸಿ ನೋಡಿದರೆ, ಆರು ಜನಕ್ಕಿಂತ ಹೆಚ್ಚು ಈಜಿದ ಪ್ರತಿ ಭಾನುವಾರದ ಸಂಜೆ ಕ್ಲೋರಿನ್ ಅರ್ಧಕ್ಕಿಂತ ಕೆಳಗೆ ಬಿದ್ದಿತ್ತು. ಜೋರು ಮಳೆಯ ಮಾರನೆಯ ದಿನವೂ ಹಾಗೆಯೇ. ಈಗ ಭಾನುವಾರ ಮಧ್ಯಾಹ್ನ ಎಲ್ಲರನ್ನೂ ಊಟಕ್ಕೆ ಎಬ್ಬಿಸಿ ಒಮ್ಮೆ ಅಳೆಯುತ್ತೇವೆ. ಕ್ಲೋರಿನ್ 1ಕ್ಕಿಂತ ಕೆಳಗಿದ್ದರೆ ಆ ದಿನದ ಈಜು ಅಲ್ಲಿಗೆ ಮುಗಿಯಿತು, ಅಳುವವರು ಅಳಲಿ. ಮೊಮ್ಮಗ ಈಗ ತಾನೇ ಕೊಳವೆ ಹಿಡಿದು ಬಣ್ಣ ನೋಡಿ, "ಅಜ್ಜ, ಎರಡು!" ಎಂದು ಕೂಗುತ್ತಾನೆ. ಸಹಿ ಮಾತ್ರ ನನ್ನದೇ.

ಇನ್ನೊಂದು ಮಾತು. ಈಜಿದ ಕೆಲವು ದಿನಗಳೊಳಗೆ ಯಾರಿಗಾದರೂ ಜೋರು ಜ್ವರ, ತೀವ್ರ ತಲೆನೋವು, ವಾಂತಿ, ಕುತ್ತಿಗೆ ಬಿಗಿತ ಬಂದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಹೋಗಿ, ಈಜಿದ ವಿಷಯವನ್ನು ವೈದ್ಯರಿಗೆ ತಾವಾಗಿಯೇ ಹೇಳಿ. ಅವರು ಕೇಳಲಿ ಎಂದು ಕಾಯಬೇಡಿ.

ರಿಜಿಸ್ಟರಿನ ಮಾದರಿ ಪುಟವನ್ನು ಕನ್ನಡದಲ್ಲಿ ಗೆರೆ ಎಳೆದು ಸಿದ್ಧಪಡಿಸಿದ್ದೇನೆ. ಬೇಕಾದವರು ಸಂಘದ ಕಚೇರಿಗೆ ತಿಳಿಸಿದರೆ ಕಳುಹಿಸಿಕೊಡಲಾಗುವುದು. ಹೋಂಸ್ಟೇ ನಡೆಸುವ ಸದಸ್ಯರು ದಯವಿಟ್ಟು ಎರಡು ಪ್ರತಿ ತೆಗೆದುಕೊಳ್ಳಿ, ಒಂದು ಅತಿಥಿಗಳಿಗೆ ಕಾಣುವಂತೆ ಕೊಳದ ಹತ್ತಿರ ತೂಗುಹಾಕಲು.

— ಕಾರ್ಯದರ್ಶಿ